ನೀರು ಕುಡಿದ ಓಪಲ್

ಕಾರ್ಕಳದಿಂದ ಮದುವೆಯಾಗಿ ಮುಂಬಯಿಗೆ ಬಂದಾಗ ವಾರಿಜಾಳಿಗೆ ಹರಳು ಎಂದರೆ ಗೊತ್ತಿದ್ದದ್ದು ತನ್ನ ಮೂಗುಬೊಟ್ಟಿನ ಕೆಂಪು ಕಲ್ಲೊಂದೇ. ಗಂಡ ಅಣ್ಣು ಅಂಧೇರಿಯ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ. ಬೆಳಕು ಹರಿಯುವ ಮೊದಲೇ ಅವನು ಹೊರಟುಹೋದರೆ ಜೋಗೇಶ್ವರಿಯ ಚಾಳಿನ ಆ ಒಂದೇ ಖೋಲಿಯಲ್ಲಿ ಇಡೀ ದಿನ ಗೋಡೆ ನೋಡುತ್ತ ಕೂರುವುದು ಅವಳಿಂದ ಆಗಲಿಲ್ಲ. ಪಕ್ಕದ ಖೋಲಿಯ ಕಾಶವ್ವ, ವಿಜಾಪುರದ ಕಡೆಯ ಹೆಂಗಸು, ಹತ್ತಿರದ ಹರಳಿನ ಕಾರ್ಖಾನೆಯಲ್ಲಿ ಕಲ್ಲು ತೊಳೆಯುತ್ತಿದ್ದಳು. ೧೯೫೪ರಲ್ಲಿ, ಮಳೆ ಹಿಂದೆಗೆದ ಮೇಲೆ, ವಾರಿಜಾ ಅವಳ ಜೊತೆ ಹೋಗತೊಡಗಿದಳು.

ಕಾರ್ಖಾನೆ ಎಂದರೆ ತಗಡಿನ ಒಂದು ಶೆಡ್ಡು, ಒಳಗೆ ತಿರುಗುವ ಸಾಣೆಗಳು. ಮಾಲೀಕ ಬಸವಂತಪ್ಪ ಬೆಳಗಾವಿಯವನು. ಸಾಣೆ ಹಿಡಿಯುವವರಲ್ಲಿ ಹಿರಿಯವನು ಮಂಗಳೂರಿನ ದೂಜ. ವಾರಿಜಾಳ ಕಣ್ಣು ಬಣ್ಣವನ್ನು ತಪ್ಪದೆ ಗುರುತಿಸುತ್ತದೆ ಎಂದು ಮೊದಲು ಕಂಡುಕೊಂಡವನು ಅವನೇ. ವರ್ಷ ಕಳೆಯುವುದರೊಳಗೆ ಅವಳು ತೊಳೆಯುವ ತೊಟ್ಟಿ ಬಿಟ್ಟು ಕಿಟಕಿಯ ಪಕ್ಕದಲ್ಲಿ ಕಲ್ಲು ವಿಂಗಡಿಸಲು ಕೂತಿದ್ದಳು.

ಹೆಚ್ಚು ಬರುತ್ತಿದ್ದದ್ದು ಆಸ್ಟ್ರೇಲಿಯಾದ ಓಪಲ್ ಎಂಬ ಹರಳು. ಹಾಲಿನಂಥ ಬಿಳುಪಿನೊಳಗೆ ಹಸಿರು, ಕೆಂಪು ಕಿಡಿ ಹಾರುವ ಕಲ್ಲುಗಳು ಒಂದು ಗುಂಪು. ಮೈ ಕಪ್ಪಾಗಿದ್ದು ಬಣ್ಣ ಉರಿದಂತೆ ಕಾಣುವವು ಇನ್ನೊಂದು. ಅವು ಅಪರೂಪ, ಅವನ್ನು ಬಸವಂತಪ್ಪ ತಾನೇ ಎತ್ತಿಡುತ್ತಿದ್ದ. ಕಂದು ಕಬ್ಬಿಣಕಲ್ಲಿನ ಬಿರುಕಿನಲ್ಲಿ ನೀಲಿ ಎಳೆಯಾಗಿ ಅಂಟಿಕೊಂಡವನ್ನು ಕಲ್ಲಿನ ಸಮೇತವೇ ಕೊಯ್ಯಬೇಕಿತ್ತು. ಮೆಕ್ಸಿಕೊದಿಂದ ಒಮ್ಮೊಮ್ಮೆ ಕಿತ್ತಳೆ ಬಣ್ಣದ್ದು ಬರುತ್ತಿತ್ತು, ಬೆಂಕಿಯ ತುಂಡಿನ ಹಾಗೆ. ಯಾವ ಕಿಡಿಯೂ ಇಲ್ಲದ ಮಂಕು ಓಪಲ್ ಅಂತೂ ರಾಶಿ ರಾಶಿ.

"ಇದು ಬೇರೆ ಕಲ್ಲಿನ ಹಾಗಲ್ಲ ವಾರಿಜಕ್ಕ," ಎಂದು ದೂಜ ಹೇಳಿದ್ದ. "ಮಳೆನೀರು ಮರಳಿನ ಸಾರ ಕರಗಿಸಿಕೊಂಡು ನೆಲದೊಳಗೆ ಇಳೀತದೆ. ಬಿರುಕು ಸಿಕ್ಕಿದಲ್ಲಿ ನಿಲ್ತದೆ. ಲಕ್ಷಗಟ್ಟಲೆ ವರ್ಷ ನೀರು ಮೆಲ್ಲಗೆ ಆರ್ತಾ ಹೋಗಿ ಸಾರ ಗಟ್ಟಿಯಾಗಿ ಉಳೀತದೆ. ಆದ್ರೆ ಪೂರಾ ಆರೂದಿಲ್ಲ. ಇದರ ಹೊಟ್ಟೆಯಲ್ಲಿ ಈಗಲೂ ನೀರುಂಟು. ಬಿಸಿ ತಾಗಿಸಿದ್ರೆ ಒಡೆದೇ ಹೋಗ್ತದೆ."

ಒಡೆದದ್ದನ್ನು ಅವಳು ನೋಡಿಯೂ ಇದ್ದಳು. ಸಾಣೆಯ ಮೇಲೆ ಕಾದ ಒಂದು ಬಿಳಿ ಕಲ್ಲು ಕ್ಷಣದಲ್ಲಿ ಜೇಡರಬಲೆಯಂತೆ ಸೀಳಿತ್ತು.

ಎರಡು ವರ್ಷದ ನಂತರ ಝವೇರಿ ಬಜಾರಿನ ಒಬ್ಬ ಒಡವೆ ವ್ಯಾಪಾರಿ ಒಂದೇ ಒಂದು ಓಪಲ್ ಹಿಡಿದುಕೊಂಡು ಬಂದ. ಪಾರಿವಾಳದ ಕೊರಳಿನ ಬಣ್ಣವೆಲ್ಲ ಅದರಲ್ಲಿತ್ತು. ಅವನ ಎದುರೇ ತೂಗಿದರು. ಮಗಳ ಮದುವೆಯ ಪದಕಕ್ಕೆ ಬೇಕು, ಅಂಚು ನಯಮಾಡಿ ಕೊಡಿ, ಸಂಜೆ ಬರುತ್ತೇನೆ ಎಂದು ಹೇಳಿ ಹೋದ. ಸಾಣೆಗೆ ಕೊಡುವ ಮೊದಲು ಅಂಚಿಗೆ ಅಂಟಿದ್ದ ಮಣ್ಣು ಬಿಡಲೆಂದು ವಾರಿಜಾ ಅದನ್ನು ನೀರಿನ ಬೋಗುಣಿಗೆ ಹಾಕಿದಳು. ಎಲ್ಲ ಕಲ್ಲಿಗೂ ಹಾಗೆಯೇ ಮಾಡುವುದು. ಊಟ ಮುಗಿಸಿ ಬಂದು ನೋಡಿದರೆ ಬೋಗುಣಿ ಖಾಲಿ.

ಕೈಹಾಕಿ ತಡಕಿದಳು. ಬೆರಳಿಗೆ ಏನೋ ಸಿಕ್ಕಿತು. ಎತ್ತಿ ನೋಡಿದರೆ ಗಾಜಿನ ಚೂರು. ಅದೇ ಆಕಾರ, ಅದೇ ಅಂಚು. ಆದರೆ ಒಳಗೆ ಒಂದು ಬಣ್ಣವೂ ಇಲ್ಲ, ಆಚೆಯ ಬೆರಳು ಕಾಣುತ್ತಿದೆ.

"ದೂಜಣ್ಣ," ಎಂದಳು. ಕಲ್ಲನ್ನು ಅವನ ಮುಂದೆ ಹಿಡಿದಳು.

ದೂಜ ಕಲ್ಲನ್ನು ಕಿಟಕಿಗೆ ಹಿಡಿದು ತಿರುಗಿಸಿದ. ಅವನ ಮುಖ ನೋಡಿಯೇ ಅವನಿಗೂ ತಿಳಿಯಲಿಲ್ಲವೆಂದು ಅವಳಿಗೆ ಗೊತ್ತಾಯಿತು. ಬಸವಂತಪ್ಪ ಬಂದು ತಕ್ಕಡಿಗೆ ಹಾಕಿದ. ಬೆಳಿಗ್ಗೆಗಿಂತ ತೂಕ ಹೆಚ್ಚಾಗಿತ್ತು.

ನೀರಿಗೆ ಹಾಕಿದ್ದಕ್ಕೇ ಹೀಗಾಗಿದೆ ಎಂದು ವಾರಿಜಾ ಹೇಳಿದ್ದನ್ನು ಕೇಳದೆ, "ಇದು ಆ ಕಲ್ಲ ಅಲ್ಲ," ಎಂದ. "ಬಾಗ್ಲಾ ಹಾಕ್ರಿ. ಯಾರೂ ಹೊರಗ ಹೋಗಬ್ಯಾಡ್ರಿ."

ಸಾಣೆಗಳು ಒಂದೊಂದೇ ನಿಂತವು. ಗಂಡಸರ ಕಿಸೆ ನೋಡಿದರು, ನೆಲ ಗುಡಿಸಿ ಧೂಳು ಜಾಲಿಸಿದರು. ಆಮೇಲೆ ಬಸವಂತಪ್ಪ ಯಾರ ಮುಖವನ್ನೂ ನೋಡದೆ, "ಕಾಶವ್ವ, ವಾರಿಜಾಬಾಯೀನ್ನ ಒಳಗ ಕರ್ಕೊಂಡು ಹೋಗಿ ನೋಡು," ಎಂದ. ಸಾಮಾನಿನ ಕೋಣೆಯಲ್ಲಿ ಕಾಶವ್ವ ಅವಳ ಸೀರೆಯ ನೆರಿಗೆ ಬಿಚ್ಚಿಸಿದಳು, ಜಡೆ ಬಿಚ್ಚಿಸಿದಳು. "ನನ್ನ ಮ್ಯಾಲ ಸಿಟ್ಟಾಗಬ್ಯಾಡವ್ವ," ಎಂದು ಅಳುತ್ತಲೇ ಹುಡುಕಿದಳು. ವಾರಿಜಾ ಅಳಲಿಲ್ಲ. ಕೂದಲು ಹರಡಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಸಂಜೆ ವ್ಯಾಪಾರಿ ಬಂದವನು ಕಲ್ಲನ್ನು ಮೇಜಿನ ಮೇಲೆ ಎಸೆದ. "ಯೇ ಮೇರಾ ಪತ್ಥರ್ ನಹೀಂ!" ಇದು ತನ್ನ ಕಲ್ಲೇ ಅಲ್ಲವೆಂದು ಕೂಗಾಡಿದ, ಪೊಲೀಸರ ಹೆಸರೆತ್ತಿದ. ಏನಾದರೂ ಮಾಡಿ ತೋರಿಸಲೇಬೇಕೆಂಬಂತೆ ಬಸವಂತಪ್ಪ ಅದನ್ನೆತ್ತಿಕೊಂಡು, ಕಲ್ಲನ್ನು ಕಡ್ಡಿಗೆ ಅಂಟಿಸುವ ಅರಗು ಕಾಯಿಸುವ ಸ್ಟೋವಿನ ಕಡೆ ನಡೆದ. "ನೀರಾಗ ಹಾಕಿದ್ದಕ್ಕ ಹಿಂಗ ಆಗೇತಿ ಅಂತಾಳ. ಹಂಗಿದ್ರ ಬೆಂಕೀಗೆ ಹಿಡದ್ರ ಬಣ್ಣ ಬರಬೇಕಲ್ಲ?"

ವಾರಿಜಾ ಅವನಿಗಿಂತ ಮೊದಲೇ ಸ್ಟೋವಿಗೆ ಅಡ್ಡ ನಿಂತಳು. "ಬೇಡಿ ಧಣಿಗಳೇ. ಒಡೆದುಹೋದ್ರೆ ನಾನು ಕದ್ದದ್ದೇ ಅಂತ ಆಗ್ತದೆ. ಆಮೇಲೆ ತೋರಿಸ್ಲಿಕ್ಕೆ ನನ್ನ ಹತ್ತಿರ ಎಂತ ಉಂಟು?"

"ಮತ್ತ ಏನ್ ಮಾಡೂಣು? ಹೇಳು!"

ಅವಳಿಗೂ ಗೊತ್ತಿರಲಿಲ್ಲ. ಆದರೆ ತೂಕ ಹೆಚ್ಚಾದದ್ದು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಕದ್ದು ಬೇರೆ ಕಲ್ಲಿಡುವವರು ತೂಕ ಸರಿಹೊಂದಿಸಿಯೇ ಇಡುತ್ತಿದ್ದರು. "ಇನ್ನೊಮ್ಮೆ ತೂಗಿ," ಎಂದಳು. "ಈಗಲೇ, ಇವರ ಎದುರೇ."

ಬಸವಂತಪ್ಪ ತೂಗಿದ. ಮುಳ್ಳು ಅಲುಗಾಡಿ ನಿಂತಿತು. ಮಧ್ಯಾಹ್ನ ಇದ್ದದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆ.

"ಕಡಿಮೆ ಆಗ್ತಾ ಉಂಟು," ದೂಜ ಮೆಲ್ಲಗೆ ಹೇಳಿದ. "ನಮ್ಮ ಬೇರೆ ಓಪಲಿನ ಹಾಗಲ್ಲ, ನೀರು ಕುಡಿದಿದೆ ಇದು. ಈಗ ಬಿಡ್ತಾ ಉಂಟು."

ವ್ಯಾಪಾರಿ ನಂಬಲಿಲ್ಲ; ಆದರೆ ತಕ್ಕಡಿಯನ್ನು ಅವನೂ ನೋಡಿದ್ದ. ಕಲ್ಲನ್ನು ಹತ್ತಿಯ ಮೇಲಿಟ್ಟು ಕಪಾಟಿಗೆ ಬೀಗ ಹಾಕಿಸಿ ಬೀಗದ ಕೈ ತಾನೇ ತೆಗೆದುಕೊಂಡು ಹೋದ. ಭಾನುವಾರ ಬರುತ್ತೇನೆ, ಅಷ್ಟರೊಳಗೆ ಬಣ್ಣ ಬರದಿದ್ದರೆ ಈ ಹೆಂಗಸು ಪೊಲೀಸ್ ಚೌಕಿಗೆ ನಡೆಯುತ್ತಾಳೆ ಎಂದ.

ಮನೆಯಲ್ಲಿ ಅಣ್ಣು ಎಲ್ಲವನ್ನೂ ಕೇಳಿಸಿಕೊಂಡ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನಿಜ ಹೇಳು. ನೀನು ತೆಗೀಲಿಲ್ಲ ಅಲ್ವಾ?" ಎಂದ.

ಅವಳು ಅವನ ಮುಖ ನೋಡಿದಳು. ಸಾಮಾನಿನ ಕೋಣೆಯಲ್ಲಿ ಬಾರದ ಅಳು ಆಗ ಬಂತು. ಅಂದಿನಿಂದ ಇಬ್ಬರ ನಡುವೆ ಅನ್ನ ಬಡಿಸುವಷ್ಟೇ ಮಾತು.

ಆ ದಿನಗಳಲ್ಲಿ ಅವಳು ಕೆಲಸಕ್ಕೆ ತಪ್ಪಿಸಲಿಲ್ಲ. ಹೋಗದಿದ್ದರೆ ಓಡಿಹೋದಳು ಅನ್ನುತ್ತಾರೆ. ಬೆನ್ನಹಿಂದೆಯೇ ಮುಚ್ಚಿದ ಕಪಾಟು. ಒಳಗೆ ಏನಾಗುತ್ತಿದೆಯೋ ತಿಳಿಯದು. ಬಣ್ಣ ಬರದೆಯೇ ಆರಿಬಿಟ್ಟರೆ? ಆರುವಾಗಲೇ ಸೀಳಿಬಿಟ್ಟರೆ? ಜೊತೆಯವರು ಅವಳ ತಟ್ಟೆಯಿಂದ ಕಲ್ಲು ಎತ್ತಿಕೊಳ್ಳುವಾಗ ಎರಡೆರಡು ಸಲ ಎಣಿಸುತ್ತಿದ್ದರು. ಚಾಳಿನ ನಲ್ಲಿಯ ಬಳಿ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು.

ಭಾನುವಾರ ವ್ಯಾಪಾರಿ ಬಂದು ಬೀಗ ತೆಗೆದ. ಹತ್ತಿ ಬಿಡಿಸಿ ಕಲ್ಲನ್ನು ಕಿಟಕಿಯ ಬೆಳಕಿಗೆ ಒಯ್ದ. ಅವನ ಬೆನ್ನು ಅಡ್ಡವಿದ್ದದ್ದರಿಂದ ಬಸವಂತಪ್ಪನಿಗೂ ವಾರಿಜಾಳಿಗೂ ಏನೂ ಕಾಣಲಿಲ್ಲ. ಅವನು ಕಲ್ಲನ್ನು ಒಮ್ಮೆ ತಿರುಗಿಸಿದ, ಮತ್ತೊಮ್ಮೆ ತಿರುಗಿಸಿದ. ಆಗ ಅವನ ಅಂಗೈಯ ಅಂಚಿನಲ್ಲಿ ಹಸಿರು ಮಿಂಚೊಂದು ಸುಳಿದದ್ದು ವಾರಿಜಾಳಿಗೆ ಕಂಡಿತು. ಅವಳು ಮೇಜು ಹಿಡಿದುಕೊಂಡಳು. ಬಣ್ಣವೆಲ್ಲ ಮರಳಿತ್ತು, ಒಂದು ಮೂಲೆ ಮಾತ್ರ ಇನ್ನೂ ಗಾಜಿನಂತಿತ್ತು, ಅಲ್ಲಿನ ನೀರು ಆರಿರಲಿಲ್ಲ. ತೂಗಿ ನೋಡಿದರೆ ತೂಕ ಬಹುತೇಕ ಮೊದಲಿನದೇ. ವ್ಯಾಪಾರಿ ಅವಳ ಕಡೆ ತಿರುಗಿಯೂ ನೋಡದೆ ಕಲ್ಲನ್ನು ಕಿಸೆಗೆ ಹಾಕಿಕೊಂಡು ಹೊರಟುಹೋದ.

ಬಸವಂತಪ್ಪ ನಿಟ್ಟುಸಿರುಬಿಟ್ಟ. "ಆತು ಬಿಡು ತಂಗಿ, ದೊಡ್ಡ ಗಂಡಾಂತರ ಹೋತು. ನಾಳೆ ಹೊತ್ತಿಗೆ ಸರಿಯಾಗಿ ಬಾ."

ವಾರಿಜಾ ಕದಲಲಿಲ್ಲ. "ಎಲ್ಲರ ಎದುರು ನನ್ನನ್ನು ಒಳಗೆ ಕಳಿಸಿದ್ರಿ, ಧಣಿಗಳೇ. ಎಲ್ಲರ ಎದುರೇ ಹೇಳಿ."

"ಇವತ್ತ ಯಾರದಾರ ಇಲ್ಲೆ? ರಜಾ ಐತಿ."

"ಹಾಗಾದ್ರೆ ನಾಳೆ ಹೇಳಿ. ಹೇಳಿದ ಮೇಲೆ ನಾನು ಕಲ್ಲು ಮುಟ್ಟುವುದು."

ಮರುದಿನ ಅವಳು ಬಾಗಿಲ ಹೊರಗೇ ನಿಂತಳು. ಒಳಗೆ ಸಾಣೆಗಳು ಸುರುವಾದವು. ಬಸವಂತಪ್ಪ ಒಂದೆರಡು ಸಲ ಹೊರಗಿಣುಕಿ ಒಳಗೆ ಹೋದ. ಕೊನೆಗೆ ದೂಜ ತನ್ನ ಸಾಣೆ ನಿಲ್ಲಿಸಿದ, ಅವನನ್ನು ನೋಡಿ ಉಳಿದವರೂ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಬಸವಂತಪ್ಪ ಬಾಗಿಲಿಗೆ ಬಂದು, "ವಾರಿಜಾಬಾಯಿದು ಏನೂ ತಪ್ಪಿಲ್ಲ. ನಂದ ತಪ್ಪು," ಎಂದ. ಕಾಶವ್ವ ಹೊರಗೆ ಬಂದು ಅವಳ ಕೈಹಿಡಿದು ಒಳಗೆ ಕರೆದೊಯ್ದಳು.

ಆ ಸಂಜೆ ಅವಳು ಲೋಕಲ್ ಹತ್ತಿ ಅಂಧೇರಿಗೆ ಹೋಗಿ ಹೋಟೆಲಿನ ಹಿಂಬಾಗಿಲಿನಿಂದ ಗಂಡನನ್ನು ಕರೆಸಿದಳು. ಅಣ್ಣು ಹಿಟ್ಟಿನ ಕೈಯಲ್ಲೇ ಗಾಬರಿಯಿಂದ ಓಡಿ ಬಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ನಾನು ಹಾಗೆ ಕೇಳಬಾರದಿತ್ತು," ಎಂದ ಅವನು.

"ಹೌದು. ಕೇಳಬಾರದಿತ್ತು."

ಅಣ್ಣು ಒಳಗೆ ಹೋಗಿ ಕೈ ತೊಳೆದು, ಮಾಲೀಕರಿಗೆ ಹೇಳಿ ಬಂದ. ಇಬ್ಬರೂ ಜೊತೆಯಾಗಿ ಸ್ಟೇಷನ್ನಿನ ಕಡೆ ನಡೆದರು.