ಕಂಬಳಿ ಕಂಡು ಹಾರದ ಬಾತುಗಳು

ದೀಪಾವಳಿಯ ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಉಳಿಯುವ ಸುಟ್ಟ ಮದ್ದಿನ ವಾಸನೆ ನಿಮಗೆ ಹಬ್ಬವನ್ನು ನೆನಪಿಸೀತು. ನನಗೆ ನೆನಪಾಗುವುದು ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಮಂಚೇನಹಳ್ಳಿಯವರು. ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು. ಆದರೂ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಸತ್ತವರ ಮೇಲೆ ಇನ್ನೂ ಎಂಥ ಹಗೆ ಎಂದು ನನ್ನ ಮಕ್ಕಳು ನಗುತ್ತಾರೆ. ಅವರು ಆ ಕೆರೆ ಕಂಡವರಲ್ಲ. ನಿಮ್ಮ ಬಾಲ್ಯದಲ್ಲೂ ಅಂಥದ್ದೊಂದು ಕೆರೆ ಇದ್ದು, ಈಗ ಇಲ್ಲವಾಗಿದ್ದರೆ, ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮೇಲೂರಿನ ನಮ್ಮ ಮನೆಯ ಹಿತ್ತಿಲಿಗೆ ಹೊಂದಿಕೊಂಡೇ ಹಿಪ್ಪುನೇರಳೆ ತೋಟವಿತ್ತು, ಅದರಾಚೆ ಕೆರೆ. ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದ ನನ್ನ ಚಿಕ್ಕಪ್ಪನ ಬಳಿ ಮಡಚುವ ಹಳೆಯ ಕ್ಯಾಮೆರಾ ಒಂದಿತ್ತು. ಮುಂಗಾರಿನಲ್ಲಿ ಈಚಲ ಗರಿಗೆ ಗೂಡು ನೇಯುವ ಗೀಜಗಗಳ ಹಿಂದೆ ಅಲೆಯುತ್ತಿದ್ದರೂ ಅವನ ಜೀವವಿದ್ದದ್ದು ಚಳಿಗಾಲದ ಬಾತುಗಳಲ್ಲಿ. ದೀಪಾವಳಿ ಕಳೆದು ಮೈ ನಡುಗುವ ಚಳಿ ಬಿದ್ದಾಗ ಮೊದಲು ಅವುಗಳ ಕೂಗು ಕೇಳಿಸುತ್ತಿತ್ತು. ಆಮೇಲೆ ಬೂದಿ ಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಶಿವರಾತ್ರಿ ಕಳೆಯುತ್ತಲೇ ಹೊರಟುಬಿಡುತ್ತಿದ್ದವು. ದೂರದ್ದನ್ನು ಹತ್ತಿರ ತರುವ ಗಾಜು ಆ ಕ್ಯಾಮೆರಾಕ್ಕಿರಲಿಲ್ಲ. ಹಾಗಾಗಿ ಚಿಕ್ಕಪ್ಪನೇ ಹತ್ತಿರ ಹೋಗಬೇಕಿತ್ತು. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದೇ ಕರಿ ಕಂಬಳಿ ತಲೆಯ ಮೇಲೆ ಹೊದ್ದು, ಪಕ್ಕದಲ್ಲಿ ನನ್ನನ್ನೂ ಮುದುರಿಸಿಕೊಂಡು ಕೂರುತ್ತಿದ್ದ. ವಾರಕ್ಕೆ ನಾಲ್ಕೇ ಹೆಜ್ಜೆ ಮುಂದಕ್ಕೆ.

"ಅವು ನಮ್ ಮುಖ ನೋಡಲ್ಲ ಕಣಮ್ಮ, ಕಂಬಳಿ ನೋಡ್ತವೆ. ಈ ಕಂಬಳಿ ನಮ್ಗೇನೂ ಮಾಡಲ್ಲ ಅಂತ ಅವಕ್ಕೆ ಗೊತ್ತಾಗ್ಬೇಕು" ಎನ್ನುತ್ತಿದ್ದ.

ಅದು ಗೊತ್ತಾಗಲು ಮೂರು ಚಳಿಗಾಲ ಹಿಡಿಯಿತು. ಹಿಂಡು ಮೇಯುವಾಗ ಒಂದು ಬಾತು ಕತ್ತೆತ್ತಿ ಕಾವಲು ನಿಲ್ಲುತ್ತಿತ್ತು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ, ನಾವು ಕಲ್ಲೆಸೆತಕ್ಕಿಂತಲೂ ಹತ್ತಿರದಲ್ಲಿರುವಾಗಲೇ, ಆ ಕಾವಲಿನ ಬಾತು ಕೊಕ್ಕನ್ನು ಬೆನ್ನ ಗರಿಯಲ್ಲಿ ಹುದುಗಿಸಿ ನಿದ್ದೆಹೋಯಿತು. ಅದರ ಮಗ್ಗುಲಲ್ಲಿ ತಲೆಗಿನ್ನೂ ಪಟ್ಟೆ ಮೂಡದ ಆ ವರ್ಷದ ಮರಿ. ಚಿಕ್ಕಪ್ಪ ನನ್ನ ಕೈಯನ್ನು ನೋಯುವಷ್ಟು ಹಿಂಡಿದ. ಕ್ಯಾಮೆರಾ ತಂದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನಿಗೆ ಖುಷಿ ತಡೆಯಲಾಗಲಿಲ್ಲ. ನಮ್ಮ ಕಡೆ ಫೋಟೋ ತೆಗೆಯುವುದಕ್ಕೆ ಹೊಡೆಯುವುದೆಂದೇ ಅನ್ನುತ್ತಾರೆ. "ನಾಳೆ ಬಾತು ಹೊಡೀತೀನಿ ಅಣ್ಣ. ತೂಬಿನ ಹತ್ರಾನೇ ಕೂರ್ತವೆ, ಕಂಬಳಿ ಹೊದ್ರೆ ಕದಲಲ್ಲ" ಎಂದು ಅಪ್ಪನಿಗೆ ಹೇಳಿದ. ದೀಪಾವಳಿಗೆಂದು ಕೋವಿಯ ಸಮೇತ ಬಂದು ಇನ್ನೂ ಉಳಿದಿದ್ದ ಮಾವ ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದರು.

ಬೆಳಿಗ್ಗೆ ನಾವು ಎದ್ದಾಗ ಜಗುಲಿಯ ಗೂಟದಲ್ಲಿ ಕಂಬಳಿ ಇರಲಿಲ್ಲ. ಹುಡುಕುತ್ತಿರುವಾಗಲೇ ಕೆರೆಯ ಕಡೆಯಿಂದ ಎರಡು ಈಡು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಾವ ಕಂಬಳಿ ಹೊದ್ದೇ ಅಂಗಳಕ್ಕೆ ಬಂದರು. ಕೈಯಲ್ಲಿ ಕಾಲು ಕಟ್ಟಿದ ಮೂರು ಬಾತು, ಒಂದಕ್ಕೆ ತಲೆಯಲ್ಲಿ ಪಟ್ಟೆ ಇರಲಿಲ್ಲ.

"ಏಮಪ್ಪಾ ಮೇಷ್ಟ್ರೇ, ಹೊಡೀತೀನಿ ಅಂದ್ಯಲ್ಲ, ನಿಂಗ್ಯಾಕೆ ತೊಂದ್ರೆ ಅಂತ ನಾನೇ ಹೊಡ್ಕೊಂಡ್ ಬಂದೆ!"

ಮನೆಯೆಲ್ಲ ನಕ್ಕಿತು. ಪಾಪ, ಮಾತು ತಪ್ಪಾಗಿ ತಿಳಿದರು ಎಂದು ಅಪ್ಪ ಸಮಾಧಾನ ಹೇಳಿದರು. ಆಮೇಲೆ ನೆಂಟರ ಮದುವೆಗಳಲ್ಲೆಲ್ಲ ಮಾವ ಅದನ್ನೇ ತಮಾಷೆ ಮಾಡಿ ಹೇಳಿಕೊಂಡು ತಿರುಗಿದರು. ಮಾತು ತಪ್ಪಾಗಿ ತಿಳಿದಿದ್ದರೆ ಕಂಬಳಿಯನ್ನೇಕೆ ಒಯ್ದರು? ಒಂದು ಮಾತೂ ತಪ್ಪಾಗಿ ತಿಳಿದಿರಲಿಲ್ಲ ಆ ಮನುಷ್ಯ. ಮೂರು ವರ್ಷ ಕೂತು ಚಿಕ್ಕಪ್ಪ ಗಳಿಸಿದ್ದ ನಂಬಿಕೆಯನ್ನು ಹೊದ್ದುಕೊಂಡು ಹೋಗಿದ್ದರು. ಸಾಲದ್ದಕ್ಕೆ ಅಂಗಳದಲ್ಲೇ ನಿಂತು, ಬಾತುಗಳನ್ನು ಎತ್ತಿ ಹಿಡಿದು, "ನಂದೊಂದು ಫೋಟೋ ಹೊಡಿ" ಎಂದರು. ಮನೆಯ ಅಳಿಯನಿಗೆ ಇಲ್ಲವೆನ್ನುವಂತಿರಲಿಲ್ಲ. ಚಿಕ್ಕಪ್ಪ ಹೊಡೆದ. ಅದನ್ನು ತೊಳೆಸಿ ಅತ್ತೆಯ ಮನೆಗೆ ಕಳಿಸಿದ ಮೇಲೆ ಆ ಕ್ಯಾಮೆರಾವನ್ನು ಅವನು ಮತ್ತೆ ಬಿಚ್ಚಲಿಲ್ಲ. ಮುಂದಿನ ಚಳಿಗಾಲ ಬಂದ ಹಿಂಡು, ದಡದಲ್ಲಿ ಕಂಬಳಿ ಹೊದ್ದ ಕುರುಬರನ್ನು ಕಂಡರೂ ಎದ್ದುಹೋಯಿತು. ಅದರ ಮುಂದಿನ ವರ್ಷ ಕೆರೆಗೆ ಬರಲೇ ಇಲ್ಲ. ಚಿಕ್ಕಪ್ಪ ಮಾತ್ರ ಅದೇ ಹೊತ್ತಿಗೆ ಹೋಗಿ ಬರಿಗೈಯಲ್ಲಿ ಕೂತಿದ್ದು ಬರುತ್ತಿದ್ದ. ಅವನು ತೀರಿಹೋದ ಮೇಲೆ ಆ ಫೋಟೋದ ಫಿಲ್ಮು ನನ್ನ ಪಾಲಿಗೆ ಬಂತು.

ನನ್ನನ್ನು ಚಿಂತಾಮಣಿಗೆ ಕೊಟ್ಟಿದ್ದರು. ಮಾವ ತೀರಿಕೊಂಡ ವರ್ಷ ಅತ್ತೆ ಬಸ್ಸು ಬದಲಿಸಿಕೊಂಡು ನನ್ನನ್ನು ಹುಡುಕಿ ಬಂದರು. ಅವರ ಮನೆಯಲ್ಲಿದ್ದ ಆ ಫೋಟೋವನ್ನು ಗೆದ್ದಲು ತಿಂದಿತ್ತಂತೆ. ಮಾವನದೆಂದು ಇದ್ದದ್ದು ಅದೊಂದೇ.

"ನಿನ್ ಹತ್ರ ಫಿಲ್ಮು ಐತಂತಲ್ಲಮ್ಮ. ಅವರ ಮುಖಾನೇ ಮರೆತ್ಹೋಗ್ತಾ ಐತೆ ನಂಗೆ."

"ಅದು ಹಾಳಾಗೋಯ್ತು ಅತ್ತೆ" ಎಂದೆ. ಫಿಲ್ಮು ಅವರು ಕೂತಿದ್ದ ಪೆಟ್ಟಿಗೆಯಲ್ಲೇ ಇತ್ತು. ನನ್ನ ಮನಸ್ಸಿಗೆ ಎಂಥ ತಂಪಾಯಿತೆಂದರೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಮನುಷ್ಯನ ಮುಖವನ್ನು ಭೂಮಿಯ ಮೇಲಿಂದ ನಾನೇ ಅಳಿಸಿದ್ದೆ.

ಅತ್ತೆ ಒತ್ತಾಯಿಸಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ಹೋಗ್ಲಿ ಬಿಡು. ಆವತ್ತು ಆ ಬಾತಿನ ಸಾರು ನಿಮ್ ಚಿಕ್ಕಪ್ಪನೂ ಮುಟ್ಲಿಲ್ಲ, ನಾನೂ ಮುಟ್ಲಿಲ್ಲ. ಅವನಿಗದು ಗೊತ್ತಿತ್ತೋ ಇಲ್ವೋ" ಎಂದರು. ಅವರನ್ನು ಬಸ್ಸು ಹತ್ತಿಸಿ ಬಂದೆ. ಈಗ ಅತ್ತೆಯೂ ಇಲ್ಲ. ಫಿಲ್ಮು ನನ್ನಲ್ಲೇ ಇದೆ, ಕೇಳುವವರಿಲ್ಲ.