ಸೂರ್ಯನನ್ನು ಬಾಗಿಲಲ್ಲಿ ನಿಲ್ಲಿಸಿದ ಮಾವ

ಲೋಕವನ್ನೆಲ್ಲ ಬೆಳಗುವ ಸೂರ್ಯನನ್ನು ಮೂವತ್ತು ವರ್ಷ ಬಾಗಿಲಲ್ಲೇ ನಿಲ್ಲಿಸಿದ ಮಹಾವೀರರು ನಮ್ಮ ಸೋದರಮಾವ. ಬೆಳ್ಳಿ ಗಣಿಯಲ್ಲಿ ಕಲ್ಲಿನ ಮಾದರಿಗಳನ್ನಿಡುವ ಕೋಣೆ ಅವರ ಸಾಮ್ರಾಜ್ಯ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದಿದ್ದರು. ಒಳಗೆ ಹೋದವರು ಮೊಣಕಾಲು ತರಚಿಕೊಂಡೇ ಹೊರಬರುತ್ತಿದ್ದರು.

ಇಷ್ಟೆಲ್ಲ ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲಿಗಾಗಿ. ಅದರ ಹೆಸರು ಪ್ರೂಸ್ಟೈಟ್. ಭೂಮಿಯೊಳಗಿನ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಮೇಲೇರುತ್ತ ತಣ್ಣಗಾಗುವಾಗ, ಬೇರೆ ಅದಿರುಗಳೆಲ್ಲ ಜಾಗ ಹಿಡಿದ ಮೇಲೆ, ಮಿಕ್ಕ ಬೆಳ್ಳಿ, ಆರ್ಸೆನಿಕ್, ಗಂಧಕ ಮೂರೂ ಕೂಡಿ ಮಾಣಿಕ್ಯದಂಥ ಕೆಂಪು ಹರಳಾಗುತ್ತವೆ. ಬೆಳಕು ಬಿದ್ದರೆ ಮಾತ್ರ ಈ ಹರಳು ಕಪ್ಪಾಗುತ್ತದೆ.

“ಆ ಕಲ್ಲನ್ನೇ ಕಟ್ಕೋಬೇಕಿತ್ತು ನೀವು,” ಎಂದು ಅತ್ತೆ ಹಂಗಿಸುತ್ತಿದ್ದರು.

ಒಂದು ದಿನ ಗಣಿಯ ಮುಖ್ಯ ಆಫೀಸಿನಿಂದ ತಜ್ಞೆಯೊಬ್ಬರು ಬಂದರು. ಕಲ್ಲು ಅಸಲಿಯಲ್ಲದಿದ್ದರೆ ಕೋಣೆ ಸೈಕಲ್ ಸ್ಟ್ಯಾಂಡ್ ಆಗುವುದಿತ್ತು.

“ತೋರಿಸಿ ಯಜಮಾನ್ರೇ.”

“ನೋಡಿದ್ರೆ ಕೆಟ್ಟೋಗುತ್ತೆ ಮೇಡಂ.”

“ನೋಡ್ದೆ ಏನಂತ ಬರೀಲಿ? ಕತ್ತಲೆ ಚೆನ್ನಾಗಿದೆ ಅಂತಾನಾ?”

ಮಾವ ಏಳು ಸುತ್ತಿನ ಬಟ್ಟೆ ಬಿಚ್ಚಿದರು. ತಜ್ಞೆ ದೀಪ ಹಾಕಿದರು. ಕಲ್ಲು ಇದ್ದಿಲಿನಂತೆ ಕಪ್ಪಗಿತ್ತು. ಮಾವ ನೆಲ ನೋಡಿದರು. ತಜ್ಞೆ ಅದನ್ನು ಬಿಳಿ ಪಿಂಗಾಣಿಯ ಬಿಲ್ಲೆಗೆ ಉಜ್ಜಿದಾಗ ಒಳಗಿನ ಬಣ್ಣ ಬಯಲಾಗಿ ರಕ್ತಗೆಂಪು ಗೆರೆ ಮೂಡಿತು.

“ಅಸಲೀನೇ. ನಿಮ್ಮ ಕೋಣೆ ಉಳೀತು. ಆದ್ರೆ ಇಷ್ಟು ಕತ್ತಲೇಲಿ ಇದು ಕಪ್ಪಾಗಿದ್ದು ಹೇಗೆ?”

ಮಾವ ತಲೆ ಕೆರೆದುಕೊಂಡರು.

“ಕಪ್ಪಾಗಿಲ್ಲ ತಾನೇ ಅಂತ ದಿನಾ ಅರ್ಧ ಗಂಟೆ ಟಾರ್ಚ್ ಹಾಕಿ ನೋಡ್ತಿದ್ದೆ ಮೇಡಂ.”