ನೆನೆಹಾಕಿದ ಟ್ರಾನ್ಸ್‌ಫರ್

ಸರ್ಕಾರಿ ಶಾಲೆಯ ಟೀಚರ್ ಮನೆಯಲ್ಲಿ ಟ್ರಾನ್ಸ್‌ಫರ್ ಎಂಬ ಮಾತನ್ನು ಸುಮ್ಮಸುಮ್ಮನೆ ಆಡಬಾರದು. ಹೊನ್ನಾಳಿಯ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಭಾವ, “ಟೀಚರಮ್ಮ, ನಿನಗೆ ಟ್ರಾನ್ಸ್‌ಫರ್ ತಂದೀನಿ” ಅಂದಾಗ, ಅಕ್ಕಿ ಆರಿಸುತ್ತಿದ್ದ ಅವ್ವ ಮೊರವನ್ನು ಹಾಗೇ ಕೆಳಗಿಟ್ಟಳು. “ಯಾವೂರಿಗಂತ್ರೀ? ಮತ್ತೆ ಜಗಳೂರು ಕಡೀಗೇನು?” ಅಂದಳು. ಜಗಳೂರು ನಮ್ಮ ಸ್ವಂತ ಊರೇ. ಆದರೆ ಅಲ್ಲಿಗೆ ವಾಪಸ್ಸು ಹೋದರೆ ದಾಯಾದಿಗಳ ಬಾಯಿಗೆ ಬೀಳಬೇಕೆಂದು ಅವ್ವನಿಗೆ ಭಯ.

ಭಾವ ತಂದದ್ದು ವರ್ಗಾವಣೆಯ ಆರ್ಡರ್ ಅಲ್ಲ. ಬಿಸ್ಕತ್ ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿಸಿದ, ಅಂಗೈಗಿಂತ ಕೊಂಚ ಉದ್ದದ ಪ್ಲಾಸ್ಟಿಕ್ ವಿಮಾನ. ಜೊತೆಗೆ ಒಂದು ಲಕೋಟೆಯಲ್ಲಿ ಅದರ ಮೈಮೇಲೆ ಕೂರಿಸಬೇಕಾದ ಗುರುತುಗಳ ಹಾಳೆ. ಕಾಗದದ ಮೇಲೆ ತೆಳ್ಳನೆಯ ಬಣ್ಣದ ಅಚ್ಚುಗಳು. ಕತ್ತರಿಸಿ ನೀರಿಗೆ ಹಾಕಿದರೆ ಕಾಗದದಿಂದ ಬಿಟ್ಟುಕೊಳ್ಳುತ್ತವೆ, ಆಗ ಮೆಲ್ಲಗೆ ಜಾರಿಸಿ ವಿಮಾನಕ್ಕೆ ದಾಟಿಸಬೇಕು. ಅದಕ್ಕೇ ಆ ಹೆಸರು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, “ಇದಕ್ಕಾ ನನ್ನ ಎದೆ ಒಡೆಸಿದ್ದು” ಎಂದು ಅಳಿಯನಿಗೆ ಕೇಳದ ಹಾಗೆ ಗೊಣಗಿ ಮತ್ತೆ ಮೊರ ಎತ್ತಿಕೊಂಡಳು.

ಭಾವ ಅಂದರೆ ನ್ಯಾಮತಿಗೆ ಕೊಟ್ಟಿದ್ದ ನನ್ನ ಅಕ್ಕನ ಗಂಡ. ಏರ್‌ಫೋರ್ಸಿನಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದರು. ಕೈ ನಡುಗುವ ಕಾಯಿಲೆ ಬಂದು ಬೇಗನೆ ಊರಿಗೆ ಮರಳಿ, ತಮ್ಮ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಿದ್ದರು. ಬಂದ ಹೊಸತರಲ್ಲಿ ಒಂದು ಮದುವೆಗೆ ಅಡುಗೆಯವರು ಕೈಕೊಟ್ಟರಂತೆ. ಇವರು ತೋಳು ಮಡಚಿ ಐನೂರು ಮಂದಿಗೆ ಉಪ್ಪಿಟ್ಟು ಕೆದಕಿ ಬಡಿಸಿದರು. ಕೈ ನಡುಗಿದರೆ ಸೌಟಿಗೇನು ತೊಂದರೆ? ಉಪ್ಪಿಟ್ಟು ಅದೆಷ್ಟು ರುಚಿಯಾಯಿತೆಂದರೆ ಅದೇ ಅವರಿಗೆ ಮುಳುವಾಯಿತು. ಏರ್‌ಫೋರ್ಸಿನಲ್ಲಿ ಇವರು ಅಡುಗೆಯವರೇ ಇದ್ದಿರಬೇಕು, ವಿಮಾನ ರಿಪೇರಿ ಎಂಬುದೆಲ್ಲ ಬರೀ ಬುರುಡೆ ಎಂದು ಊರು ತೀರ್ಮಾನಿಸಿತು. ‘ಉಪ್ಪಿಟ್ಟು ಪೈಲಟ್’ ಎಂಬ ಹೆಸರು ಬಿತ್ತು. ಹೊನ್ನಾಳಿ, ಚನ್ನಗಿರಿಯ ನೆಂಟರವರೆಗೂ ಆ ಹೆಸರು ಬಸ್ ಹತ್ತಿ ಹೋಯಿತು. ಅವರು ನಗುತ್ತಿದ್ದರು, ಆದರೆ ಆ ಹೆಸರು ಕೇಳಿದ ದಿನ ಊಟ ಕಡಿಮೆ ಮಾಡುತ್ತಿದ್ದರೆಂದು ಅಕ್ಕ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ನಾನೂ ಅರ್ಧ ನಂಬಿದ್ದೆ, ಅರ್ಧ ನಂಬಿರಲಿಲ್ಲ.

ನಾನು ಹೊನ್ನಾಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸ್ವಾತಂತ್ರ್ಯ ದಿನಕ್ಕೆ ಮಾತಾಡಲು ಯಾರನ್ನು ಕರೆಯೋಣ ಎಂದು ಹೆಡ್‌ಮಾಸ್ತರು ಕೇಳಿದಾಗ ಭಾವನ ಹೆಸರನ್ನು ಹೇಳಿದವಳು ನಾನೇ. ಭಾವನಿಗೆ ಅದು ದೊಡ್ಡ ಸಂಗತಿಯಾಯಿತು. ಬೊಂಬಾಯಿಯ ಹಳೆಯ ಗೆಳೆಯನೊಬ್ಬ ಕಳಿಸಿದ್ದ ಆ ವಿಮಾನದ ಬಿಡಿಭಾಗಗಳನ್ನು, ಕೈ ನಡುಗಿದಾಗ ನಿಲ್ಲಿಸಿ, ನಿಂತಾಗ ಶುರುಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಕಚ್ಚಿಸಿಟ್ಟು ತಿಂಗಳುಗಟ್ಟಲೆ ಕೂತು ಅಂಟಿಸಿದ್ದರು. ಅವರು ಕೆಲಸ ಮಾಡಿದ್ದ ವಿಮಾನದ್ದೇ ಪಡಿಯಚ್ಚು. ಉಳಿದದ್ದು ಟ್ರಾನ್ಸ್‌ಫರ್ ಮಾತ್ರ. ಅದಕ್ಕೆ ಅಲುಗದ ಕೈ ಬೇಕಿತ್ತು.

“ಮಕ್ಕಳಿಗೆ ಕೈಯಾಗೆ ಹಿಡಿದು ತೋರಿಸ್ತೀನಿ. ಎಲ್ಲಿ ಮುಚ್ಚಳ ತೆಗೆದ್ರೆ ಏನೈತೆ, ನಾವು ಎಲ್ಲಿ ಕೈ ಹಾಕ್ತಿದ್ವಿ ಅಂತ,” ಅಂದರು. “ಒಂದ್ಸಾರಿ ನಾಲ್ಕು ಮಂದಿ ಮುಂದೆ ಹೇಳಿಬಿಟ್ರೆ ಸಾಕು. ಬೆಳಗ್ಗೆ ಹೊನ್ನಾಳ್ಯಾಗೆ ಆಡಿದ ಮಾತು ಸಂಜೆ ಬಸ್ಸಿಗೆ ನ್ಯಾಮತಿ ಮುಟ್ತೈತೆ.”

ಡಬ್ಬಿ ತಂದ ದಿನವೇ ನನ್ನ ಪಕ್ಕದಲ್ಲಿ ಕೂತು ರೆಕ್ಕೆಯ ಮೇಲಿನ ಸಣ್ಣ ಅಕ್ಷರಗಳನ್ನು ನನ್ನಿಂದ ಕೂರಿಸಿದರು. “ಅವಲಕ್ಕಿ ತೊಳೆದಂಗೆ, ಅಷ್ಟೇ. ಹಾಕು, ತೆಗಿ. ಕಾಗದ ಒದ್ದೆಯಾದ್ರೆ ಸಾಕು, ಅಚ್ಚು ತಾನೇ ಜಾರ್ತೈತೆ.” ರೆಕ್ಕೆ ಸಪಾಟಾಗಿತ್ತು; ಅಕ್ಷರಗಳು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಕೂತವು. ಹೊರಡುವಾಗ ಅವರು, “ಮೂತಿ ಕಡೆ, ಹೊಟ್ಟೆ ಕಡೆ ಗುಂಡಗೈತೆ. ಅಲ್ಲಿ ಸುಕ್ಕು ಬರ್ತೈತೆ. ಅವಸರ ಮಾಡಬ್ಯಾಡ. ಬಿಸಿನೀರಾಗೆ ಬಟ್ಟೆ ಅದ್ದಿ, ಹಿಂಡಿ, ಮ್ಯಾಲೆ ಒತ್ತಿ ಹಿಡಿ. ಮೆತ್ತಗಾಗಿ ತಾನೇ ಕೂತ್ಕಂತೈತೆ” ಎಂದರು. ನಾನು ಹೂಂ ಹೂಂ ಅಂದೆ. ಕೇಳಿಸಿಕೊಂಡದ್ದು ಎಷ್ಟು, ದೇವರೇ ಬಲ್ಲ. ಡ್ರಾಯಿಂಗಿನಲ್ಲಿ ಡಿಪ್ಲೊಮಾ ಮಾಡಿದವಳಿಗೆ ಅಂಟಿಸುವುದನ್ನು ಹೇಳಿಕೊಡುತ್ತಾರಲ್ಲ ಎಂಬ ಬಿಗುಮಾನ ನನಗೆ.

ಮರುದಿನ ಬೆಳಗ್ಗೆ ಮೂತಿಯ ಮೇಲಿನ ಒಂದು ಗುರುತನ್ನು ಹಾಕಹೋದೆ. ಅದು ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಹಾಲಿನ ಕೆನೆಯನ್ನು ಬೆರಳಿಂದ ದೂಡಿದ ಹಾಗೆ ಸುಕ್ಕು ಸುಕ್ಕು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಉಗುರಿನಿಂದ ಒತ್ತಿದೆ, ಅದು ಪರಕ್ಕನೆ ಹರಿಯಿತು. ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿ, “ಅಷ್ಟು ಬಿಗಿ ಐತೆ ಅಂದ್ರೆ ಇನ್ನೂ ನೆಂದಿಲ್ಲ ಅದು” ಅಂದಳು.

ನಮ್ಮ ಮನೆಯಲ್ಲಿ ಗಟ್ಟಿ ಇರುವುದಕ್ಕೆಲ್ಲ ಒಂದೇ ಮದ್ದು: ನೆನೆಹಾಕುವುದು. ಕಡಲೆ ಬೇಯಲಿಲ್ಲವೋ, ಇನ್ನೂ ನೆನೆಯಬೇಕಿತ್ತು. ಅಂಗಿಯ ಕಾಲರಿನ ಕೊಳೆ ಹೋಗಲಿಲ್ಲವೋ, ಇನ್ನೂ ನೆನೆಯಬೇಕಿತ್ತು. ಅವ್ವನ ಮಾತು ನನಗೆ ವೇದವಾಕ್ಯದಂತೆ ಕಂಡಿತು. ಭಾವ ಹೇಳಿದ್ದು ಅವಲಕ್ಕಿ, ನನ್ನ ತಲೆಗೆ ಹೋದದ್ದು ಕಡಲೆ. ಉಳಿದ ಅಚ್ಚುಗಳನ್ನೆಲ್ಲ ಕತ್ತರಿಸಿ, ಸ್ಟೀಲ್ ಬೋಗುಣಿಯಲ್ಲಿ ನೀರು ಹಾಕಿ, ಅದರೊಳಗೆ ಬಿಟ್ಟು, ದೂಳು ಬೀಳದಿರಲೆಂದು ಮೇಲೊಂದು ತಟ್ಟೆ ಮುಚ್ಚಿ ಶಾಲೆಗೆ ಹೋದೆ. ದಿನವಿಡೀ ಮಕ್ಕಳಿಗೆ ಬಣ್ಣ ಹಚ್ಚುವುದನ್ನು ಕಲಿಸಿದೆ, ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತ.

ಸಂಜೆ ತಟ್ಟೆ ತೆಗೆದರೆ ಬಿಳಿಯ ಕಾಗದಗಳು ತಳದಲ್ಲಿದ್ದವು. ಅಚ್ಚುಗಳು ಮೇಲೆ ತೇಲುತ್ತ, ಸುರುಳಿ ಸುತ್ತಿಕೊಂಡು, ಒಂದಕ್ಕೊಂದು ಹೆಣೆದುಕೊಂಡಿದ್ದವು. ಅವುಗಳ ಅಂಟೆಲ್ಲ ನೀರಿಗೆ ಬಿಟ್ಟು ಹೋಗಿತ್ತು. ಬ್ರಷ್ ತುದಿಯಿಂದ ಎತ್ತಹೋದರೆ ಕೇಸರಿ ಒಂದು ಕಡೆ, ಹಸಿರು ಒಂದು ಕಡೆ ತುಂಡಾದವು. ಅವ್ವ ಬಗ್ಗಿ ನೋಡಿ, “ಹೆಚ್ಚು ನೆಂದ್ವೇನೋ” ಅಂದಳು. ನನಗೆ ಅವಳ ಮೇಲೆ ಎಷ್ಟು ಕೋಪ ಬಂತೆಂದರೆ ಅವತ್ತು ಮಾತೇ ಆಡಲಿಲ್ಲ. ಮಾಡಿದ್ದು ನಾನು, ಮುನಿಸು ಅವಳ ಮೇಲೆ.

ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ಗುರುತಿಲ್ಲದ ವಿಮಾನವೂ ವಿಮಾನವೇ. ಆದರೆ ಅಲುಗದ ಕೈ ಇದೆಯಲ್ಲ ನನಗೆ. ಪೋಸ್ಟರ್ ಬಣ್ಣ ಕಲಸಿ, ಅತಿ ಸಣ್ಣ ಬ್ರಷ್ ಹಿಡಿದು ಕೂತೆ. ವಿಮಾನದ ಹೊಟ್ಟೆಯ ಎರಡು ಬದಿಗೂ, ರೆಕ್ಕೆಗಳಿಗೂ ಬರಬೇಕಾದ ದುಂಡನೆಯ ಗುರುತು ಮುಖ್ಯವಾದದ್ದು. ಬಿಡಿಭಾಗಗಳ ಜೊತೆ ಬಂದು ಲಕೋಟೆಯಲ್ಲೇ ಉಳಿದಿದ್ದ ಚೀಟಿಯ ಚಿತ್ರ ನೋಡೋಣವೆಂದರೆ ಅದರಲ್ಲಿದ್ದದ್ದು ಬೇರೆ ದೇಶದ ಗುರುತು. ಮೂಲ ಅಚ್ಚನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮೂರು ಬಣ್ಣ ಇದ್ದದ್ದಷ್ಟೇ ನೆನಪು. ಮೂರು ಬಣ್ಣವೆಂದ ಮೇಲೆ ಬಾವುಟ, ಬಾವುಟವೆಂದ ಮೇಲೆ ಚಕ್ರ. ವರ್ಷವರ್ಷವೂ ಶಾಲೆಯ ಗೋಡೆಯ ಮೇಲೆ ಅದನ್ನೇ ಬರೆಯುವವಳಿಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು? ಹೊರಗೆ ಕೇಸರಿ ಬಳೆ, ಅದರೊಳಗೆ ಹಸಿರು ಬಳೆ, ನಟ್ಟ ನಡುವೆ ಬಿಳಿ, ಬಿಳಿಯ ಮೇಲೆ ನೀಲಿಯ ಅಶೋಕ ಚಕ್ರ. ಉದ್ದಿನ ಕಾಳಿನಷ್ಟು ಜಾಗದಲ್ಲಿ ಅದರ ಗೆರೆಗಳನ್ನೆಲ್ಲ ಬರೆದೆ, ಒಂದೂ ಇನ್ನೊಂದಕ್ಕೆ ತಾಗಲಿಲ್ಲ. ಆ ಕೆಲಸದಲ್ಲಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಬೋಗುಣಿಯನ್ನು ಮರೆತೇಬಿಟ್ಟೆ.

ಆಗಸ್ಟ್ ಹದಿನೈದರ ಬೆಳಗ್ಗೆ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ಸಿಳಿದರು. ಮೊದಲು ಬೋಗುಣಿಯ ಕತೆ ಹೇಳಿದೆ. “ಕಡ್ಲೆ ನೆನೆಸಿದಂಗೆ ನೆನೆಸಿದ್ಯಾ?” ಎಂದು ನಕ್ಕರು. ಆಮೇಲೆ ಡಬ್ಬಿ ತೆರೆದು ತೋರಿಸಿದೆ. ವಿಮಾನವನ್ನು ಕೈಗೆ ತೆಗೆದುಕೊಂಡು ಈ ಕಡೆ, ಆ ಕಡೆ ತಿರುಗಿಸಿ ನೋಡಿದರು. ಚಕ್ರದ ಮೇಲೆ ಹೆಬ್ಬೆರಳಿಟ್ಟು, ತೆಗೆದು, ಮತ್ತೆ ಇಟ್ಟರು. ನಾನು ಅವರ ಮುಖವನ್ನೇ ನೋಡುತ್ತ, ಹೊಗಳಿಕೆಗಾಗಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ಸರಿ ಐತಾ ಭಾವ?” ಅಂದೆ.

“ಕೈ ಒಂಚೂರೂ ಅಲುಗಿಲ್ಲ ನೋಡು ನಿಂದು,” ಅಂದರು. “ನಡಿ, ಹೊತ್ತಾಯ್ತು.”

ಬಾವುಟ ಹಾರಿಸಿ, ಮಕ್ಕಳ ಹಾಡು ಮುಗಿದ ಮೇಲೆ ಭಾವ ಎದ್ದು ನಿಂತರು. ವೇದಿಕೆಯ ಮೇಲೆ ಇನ್ನೊಬ್ಬ ಅತಿಥಿಯಿದ್ದ. ನ್ಯಾಮತಿ ಕಡೆಯ ಯುವಕ, ಏರ್‌ಫೋರ್ಸಿಗೆ ಸೇರಿ ರಜೆಯ ಮೇಲೆ ಬಂದಿದ್ದವನು. ಅವನು ಊರಿಗೆ ಬಂದದ್ದು ತಿಳಿದು ಹೆಡ್‌ಮಾಸ್ತರು ಹಿಂದಿನ ದಿನವಷ್ಟೇ ಕರೆಸಿದ್ದರು. ಭಾವ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ವಿಮಾನ ಇಳಿದ ಮೇಲೆ ಅದರ ಮೈ ಎಷ್ಟು ಕಾದಿರುತ್ತದೆ, ಅದನ್ನು ಮುಟ್ಟಿದರೆ ಹೇಗಿರುತ್ತದೆ ಎಂದು ಹೇಳುವಾಗ ಹಿಂದಿನ ಸಾಲಿನ ಹುಡುಗಿಯರೂ ಕತ್ತು ಚಾಚಿದ್ದರು. ಪೋಷಕರ ಸಾಲಿನಲ್ಲಿ ನ್ಯಾಮತಿಯ ಪರಿಚಯದವರು ಕೆಲವರು ನಗುವುದನ್ನು ಬಿಟ್ಟು ಕೇಳುತ್ತಿದ್ದರು. ಭಾವನ ಬೆನ್ನು ನೆಟ್ಟಗಾಗಿತ್ತು.

ಮಾತು ಮುಗಿದು ವಿಮಾನ ಆ ಯುವಕನ ಕೈಗೆ ಹೋಯಿತು. ಅವನು ಖುಷಿಯಿಂದಲೇ ನೋಡಿದ. ಕೆಟ್ಟವನೇನಲ್ಲ, ತಿಳಿದದ್ದನ್ನು ಹೇಳಿದ, ಅಷ್ಟೇ. ಮೈಕ್ ಅವನ ಮುಂದೆಯೇ ಇತ್ತು. “ಇದು ತಪ್ಪಾಗೈತಲ್ರೀ. ನಮ್ಮ ವಿಮಾನದ ಗುರುತಿನಾಗೆ ಚಕ್ರ ಇರಾಂಗಿಲ್ಲ. ನಡುವೆ ಹಸಿರು ಬರ್ತೈತೆ, ಅದರ ಸುತ್ತ ಬಿಳಿ. ಅಲ್ಲಿ ಕೆಲ್ಸ ಮಾಡಿದವ್ರಿಗೆ ಇದು ಕಣ್ಣು ಮುಚ್ಚಿದ್ರೂ ಗೊತ್ತಿರ್ತೈತೆ. ಯಾರು ಬರೆದಿದ್ದು ಇದನ್ನ?”

ನಾನು ವೇದಿಕೆಯ ಪಕ್ಕದಲ್ಲೇ, ನನ್ನ ಮಕ್ಕಳ ಸಾಲಿನ ಮುಂದೆ ನಿಂತಿದ್ದೆ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ನಾನು ಬರೆದದ್ದು ಅನ್ನಲು ಎಷ್ಟು ಹೊತ್ತು ಬೇಕು? ಹೆಡ್‌ಮಾಸ್ತರು ಹುಬ್ಬೇರಿಸಿ ಸುತ್ತ ನೋಡಿದರು. ನಾನು ಮುಂದಿದ್ದ ಹುಡುಗಿಯ ಜಡೆಯ ರಿಬ್ಬನ್ ಸರಿಪಡಿಸತೊಡಗಿದೆ. ಭಾವ ನನ್ನ ಕಡೆ ಒಂದು ಸಲ ನೋಡಿ ಮೈಕಿಗೆ ಬಗ್ಗಿದರು.

“ನಾನೇ ಬರೆದೆ ಸ್ವಾಮಿ,” ಅಂದರು. “ನಾನಿದ್ದದ್ದು ಮೆಸ್ಸಿನಾಗೆ ನೋಡ್ರಿ. ವಿಮಾನನ ದೂರದಿಂದ ನೋಡಿದ್ದು. ಉಪ್ಪಿಟ್ಟಿಗೆ ಎಷ್ಟು ನೀರು ಅಂತ ಕೇಳ್ರಿ, ತಪ್ಪಿಲ್ದಂಗೆ ಹೇಳ್ತೀನಿ.”

ಇಡೀ ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನ್ಯಾಮತಿಯವರು. ನನ್ನ ಸಾಲಿನ ಹುಡುಗಿಯರೂ ನಕ್ಕರು. ಅವರ ಟೀಚರ್‌ಗೆ ಬಾವುಟಕ್ಕೂ ವಿಮಾನದ ಗುರುತಿಗೂ ವ್ಯತ್ಯಾಸ ಗೊತ್ತಿಲ್ಲವೆಂದು ಅವರಿಗೆ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ನ್ಯಾಮತಿ ಬಸ್ಸು ಬಂದು ನಿಂತ ಮೇಲೆ, “ಬೆಳಗ್ಗೇನೇ ಗೊತ್ತಿತ್ತಲ್ಲ ನಿಮಗೆ, ಯಾಕೆ ಹೇಳಲಿಲ್ಲ? ಅಲ್ಲಿ ಯಾಕೆ ಹಂಗಂದ್ರಿ?” ಎಂದು ಅವರ ಮೇಲೆಯೇ ರೇಗಿದೆ. ನಾಚಿಕೆಯಾದಾಗಲೂ ರೇಗುವುದೇ ನನ್ನ ಸ್ವಭಾವ.

“ನೀನು ನಾಳೆ ಮತ್ತೆ ಅದೇ ಮಕ್ಕಳ ಮುಂದೆ ಹೋಗಿ ನಿಂದ್ರಬೇಕು,” ಅಂದರು. “ನಾನು ಬಸ್ ಹತ್ತಿ ಹೋಗೋನು.” ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿಯೂ ಬಿಟ್ಟರು. ಆ ಬಸ್ಸಿನಲ್ಲಿ ಸಭೆಗೆ ಬಂದಿದ್ದ ನ್ಯಾಮತಿಯವರೂ ಇದ್ದರೆಂಬುದು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಮುಂದೊಮ್ಮೆ ಹಸಿರು, ಬಿಳಿ ಬಣ್ಣ, ಬ್ರಷ್ ತೆಗೆದುಕೊಂಡು ನ್ಯಾಮತಿಗೆ ಹೋದೆ. ವಿಮಾನ ಗಾಜಿನ ಬೀರುವಿನಲ್ಲಿ ಚಕ್ರದ ಸಮೇತ ಇತ್ತು. ತಿದ್ದುತ್ತೇನೆಂದರೆ ಭಾವ ಬಿಡಲಿಲ್ಲ. “ಇರ್ಲಿ ಬಿಡು. ಇಷ್ಟು ಸಣ್ಣ ಚಕ್ರ ಯಾರು ಬರೀತಾರೆ,” ಅಂದರು. ಅಕ್ಕ ಮಾತ್ರ ನನಗೆ ಕಾಫಿ ಕೊಡುವಾಗ ಮುಖ ನೋಡಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಚನ್ನಗಿರಿಯಲ್ಲಿ ನನ್ನ ಮದುವೆಯಾಯಿತು. ಅಡುಗೆಯ ಉಸ್ತುವಾರಿ ಯಾರದೆಂದು ಯಾರೂ ಕೇಳಲೂ ಇಲ್ಲ. ಶಾಲೆಯ ಸಭೆಯಲ್ಲಿ ಭಾವ ತಾವೇ ಒಪ್ಪಿಕೊಂಡಿದ್ದರಲ್ಲವೇ. ಭಾವ ತೋಳು ಮಡಚಿ ನಿಂತರು. ಬೆಳಗ್ಗೆ ತಿಂಡಿಗೆ ಕೂತಾಗ ಗಂಡಿನ ಕಡೆಯ ಹಿರಿಯರೊಬ್ಬರು ಉಪ್ಪಿಟ್ಟು ಬಾಯಿಗಿಟ್ಟು, “ಏರ್‌ಫೋರ್ಸ್ ಅಡುಗೆಯವ್ರು ಅಂದ್ರೆ ಹಿಂಗಿರ್ಬೇಕು ನೋಡಮ್ಮ. ನಿಮ್ಮ ಭಾವ ಎಷ್ಟು ವರ್ಷ ಇದ್ರು ಆ ಮೆಸ್ಸಿನಾಗೆ?” ಎಂದು ನನ್ನನ್ನೇ ಕೇಳಿದರು.

ನಾನು ತಗ್ಗಿಸಿದ್ದ ತಲೆಯನ್ನು ಎತ್ತಿ, ಪಂಕ್ತಿಗೆಲ್ಲ ಕೇಳುವ ಹಾಗೆ, “ಅವರು ಅಡುಗೆಯವರಲ್ರೀ. ವಿಮಾನ ರಿಪೇರಿ ಮಾಡ್ತಿದ್ರು,” ಅಂದೆ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮದುಮಗಳು ಪರವಾಗಿಲ್ಲ, ತಮಾಷೆ ಬಲ್ಲವಳು ಎಂದು ಆ ಹಿರಿಯರು ಮೆಚ್ಚಿಕೊಂಡರು. ಬಕೆಟ್ಟು ಹಿಡಿದು ಸಾಲಿನಲ್ಲಿ ಬರುತ್ತಿದ್ದ ಭಾವನೂ ಎಲ್ಲರ ಜೊತೆ ನಕ್ಕು, ನಡುಗುವ ಕೈಯಲ್ಲಿ ನನ್ನ ಎಲೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿ ಮುಂದೆ ಹೋದರು.